ಕಾಫಿ ಹಾಕದ ಎಸ್ಪ್ರೆಸ್ಸೊ

ಅಪ್ಪಯ್ಯಾ,

ನೀನಿದ್ದಿದ್ದರೆ ಈ ಕಾಗದ ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ. ನಿನ್ನ ಕಾಫಿಯ ವಿಷಯದಲ್ಲಿ ನಾನೊಂದು ಸುಳ್ಳು ಹೇಳಿದ್ದೆ. ಹೆತ್ತ ಆಯಿಗೂ ಗೊತ್ತಿಲ್ಲ. ನೀನು ಹೋಗಿ ಎಷ್ಟೋ ವರ್ಷವಾಯಿತು, ಅದು ಮಾತ್ರ ಹಾಗೇ ಉಳಿದಿದೆ.

ಹುಬ್ಬಳ್ಳಿಯಿಂದ ನೀನು ಎಸ್ಪ್ರೆಸ್ಸೊ ಮಿಷನ್ನು ತಂದ ದಿನ ಯಲ್ಲಾಪುರದ ನಮ್ಮ ಕೇರಿಯೆಲ್ಲ ಜಗುಲಿಗೆ ಬಂದು ನಿಂತಿತ್ತು, ನೆನಪಿದೆಯಾ? ನಾನಾಗ ಹೈಸ್ಕೂಲು. ಮದುವೆ, ಮುಂಜಿಗಳಿಗೆ ಅದನ್ನು ಒಯ್ದು ಕಾಫಿ ಮಾಡಿಕೊಡುವುದೇ ನಿನ್ನ ಉದ್ಯೋಗವಾಯಿತು. ಜೀಪು ಅರಬೈಲ್ ಘಟ್ಟ ಇಳಿಯುವಾಗ ಪಕ್ಕದಲ್ಲಿ ಕೂತ ನನ್ನನ್ನು ಬಿಟ್ಟು ಮಿಷನ್ನನ್ನೇ ತಬ್ಬಿಕೊಳ್ಳುತ್ತಿದ್ದೆ. ಭೈರುಂಬೆಯ ಮದುವೆಮನೆಯಲ್ಲಿ ಮಡಿಯುಟ್ಟ ಅಜ್ಜಿಯೊಬ್ಬಳು ಮಾರು ದೂರ ನಿಂತು, "ತಮಾ, ನಿನ್ನ ಮಿಷನ್ನಿಗೆ ಮಡಿ ಇದ್ದನಾ?" ಎಂದು ಕೇಳಿದ್ದಳಲ್ಲ! "ಬೆಳಗಿಂದ ಬೇಯ್ತಾ ಇದ್ದು ಅಜ್ಜೀ, ಅದಕ್ಕಿಂತ ಮಡಿ ಎಂತ ಬೇಕು?" ಅಂದೆ ನೀನು. ಅವಳು ಎರಡು ಲೋಟ ಕುಡಿದಳು.

ಹಬೆಯ ಕೊಳವೆಗೆ ಹಾಲಿನ ಜಗ್ಗು ಹಿಡಿಯುವುದನ್ನು ನನಗೆ ಕಲಿಸಿದವನೂ ನೀನೇ. "ನೋಡಡ ಕೂಸೆ, ಕೇಳು" ಅನ್ನುತ್ತಿದ್ದೆ; ಹದ ತಿಳಿಯುವುದು ಕಣ್ಣಿಗಲ್ಲ, ಕಿವಿಗೆ. ಕಿರುಚುವ ಸದ್ದು ಇಳಿದು ಗೊರಗೊರ ಎಂದರೆ ಹಾಲು ಹದಕ್ಕೆ ಬಂತು. ಸಕ್ಕರೆಯ ಜೊತೆ ಕಲೆಸಿಟ್ಟ ಕಾಫಿ ಒಂದು ಚಮಚ, ಮೇಲೆ ನೊರೆಹಾಲು, ಅದರ ಮೇಲೆ ಚಿಟಿಕೆ ಕೋಕೋ ಪುಡಿ. ಹದ ನೋಡುವ ನೆಪದಲ್ಲಿ ದಿನಕ್ಕೆ ಹತ್ತು ಲೋಟ ನಿನ್ನ ಹೊಟ್ಟೆಗೇ ಹೋಗುತ್ತಿತ್ತು.

ಬಿಪಿ ಏರಿತೆಂದು ಶಿರಸಿಯ ಡಾಕ್ಟರ ಹತ್ತಿರ ಹೋದೆವಲ್ಲ, ಆ ದಿನದ ಮಾತು. ನಿನ್ನನ್ನು ಹೊರಗೆ ಕಳಿಸಿ ಅವರು ನನಗೆ ಹೇಳಿದ್ದು ಇಷ್ಟೇ: "ಕಾಫಿ ಕಡಿಮೆ ಮಾಡ್ಲಿ. ದಿನಕ್ಕೊಂದು ಲೋಟ ಅಡ್ಡಿಲ್ಲ." ಬಾಗಿಲ ಹೊರಗಿನ ಬೆಂಚಿನಲ್ಲಿ ಚಪ್ಪಲಿ ಕಳಚಿ ಕೂತಿದ್ದ ನೀನು, "ಎಂತ ಹೇಳಿದ್ರು?" ಅಂದೆ. ನಿನಗೆ ಒಂದು ಅಂದರೆ ಹತ್ತಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? "ಕಾಫಿ ಮುಟ್ಲೇ ಆಗದಡ" ಅಂದುಬಿಟ್ಟೆ ನಾನು. ನೀನು ಚಪ್ಪಲಿ ಮೆಟ್ಟಿಕೊಂಡೆ. "ಆತು ಬಿಡು" ಅಂದೆ, ಅಷ್ಟೇ.

ಆಮೇಲೆ ಮೂರು ವರ್ಷ ನೀನು ಊರವರಿಗೆಲ್ಲ ಕಾಫಿ ಮಾಡಿಕೊಟ್ಟೆ, ಚಮಚ ಕೂಡ ನೆಕ್ಕಲಿಲ್ಲ. ಆಯಿ ಕೊಟ್ಟ ಕಷಾಯ ಕುಡಿದು ಮುಖ ಕಿವುಚಿ, "ಇದೂ ಬಿಸಿಯಾಗೇ ಇದ್ದು" ಅನ್ನುತ್ತಿದ್ದೆ. ನಾವು ನಗುತ್ತಿದ್ದೆವು. ಹೇಗೆ ನಕ್ಕೆನೋ ನಾನು...

ನನ್ನ ಮದುವೆಯ ದಿನ ಧಾರೆ ಎರೆಯುವ ತನಕ ನೀನು ಉಪವಾಸ. ಧಾರೆ ಮುಗಿದಾಗ ಮಧ್ಯಾಹ್ನ ದಾಟಿತ್ತು. ಮಿಷನ್ನಿನ ಹತ್ತಿರ ಯಾರೂ ಇರಲಿಲ್ಲ. ನನ್ನನ್ನು ಅಲ್ಲಿಗೆ ಕರೆದು, ದನಿ ತಗ್ಗಿಸಿ, "ಕೂಸೆ, ಇವತ್ತೊಂದಿನ ಒಂದು ಲೋಟ ಕೊಡ್ತ್ಯನೆ?" ಎಂದು ಕೇಳಿದೆ. ಈಗಲೇ ನಿಜ ಹೇಳಿಬಿಡೋಣ ಅಂದುಕೊಂಡೆ. ಕಾಫಿಯ ಚಮಚ ಎತ್ತಿಯೂ ಎತ್ತಿದೆ. ಉಪವಾಸಕ್ಕೆ ಬಾಡಿದ ನಿನ್ನ ಮುಖ ನೋಡಿ ಹೆದರಿಕೆಯಾಯಿತು. ಹೇಳಿದರೆ ಮೂರು ವರ್ಷದ ಲೆಕ್ಕ ಕೇಳುತ್ತೀಯೇನೋ, ಕೊಟ್ಟರೆ ಇವತ್ತೇ ಏನಾದರೂ ಆದೀತೇನೋ... ಚಮಚ ಕೆಳಗಿಟ್ಟೆ. ಬರೀ ಸಕ್ಕರೆ, ನೊರೆಹಾಲು, ಬಿಳಿ ಕಾಣದಷ್ಟು ಕೋಕೋ ಪುಡಿ. ನೀನು ನಿಂತಲ್ಲೇ ಪೂರ್ತಿ ಕುಡಿದೆ. "ಚೊಲೋ ಆಜು" ಅಂದೆ. ಮೀಸೆಗೆ ಅಂಟಿದ ನೊರೆಯನ್ನು ಧಾರೆ ಸೀರೆಯ ಸೆರಗಿನಲ್ಲಿ ನಾನೇ ಒರೆಸಿದೆ.

ದೀಪಾವಳಿಗೆ ತವರಿಗೆ ಬಂದಾಗ ಹೇಳೋಣ, ಕಾಫಿ ಕೊಟ್ಟೇ ಹೇಳೋಣ ಎಂದುಕೊಂಡು ಗಂಡನ ಮನೆಗೆ, ಸಿದ್ದಾಪುರಕ್ಕೆ ಹೋದೆ. ಎರಡನೇ ತಿಂಗಳಲ್ಲೇ ಪಕ್ಕದ ಮನೆಯ ಫೋನಿಗೆ ನಿನ್ನ ಸುದ್ದಿ ಬಂತು. ಬಸ್ಸಿನಲ್ಲಿ ಬರುವಾಗ ನಾನು ಅತ್ತದ್ದು ನೀನು ಸತ್ತದ್ದಕ್ಕೋ, ಆ ಲೋಟಕ್ಕೋ, ಇವತ್ತಿಗೂ ತಿಳಿಯದು.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಆಯಿ ನನ್ನ ಹತ್ತಿರ ಕೂತು ಹೇಳಿದಳು. ಮದುವೆಯ ಸಂಜೆ ನೀನು ಅವಳ ಹತ್ತಿರ ಅಂದಿದ್ದೆಯಂತೆ: "ಕೂಸು ಲೋಟಕ್ಕೆ ಕಾಫಿನೇ ಹಾಕಿದ್ದಿಲ್ಲೆ, ಬರೀ ಹಾಲು. ನೋಡು, ಮದುವೆ ದಿನವೂ ಎನ್ನ ಕೂಸು ಡಾಕ್ಟರ ಮಾತು ಮೀರಿದ್ದಿಲ್ಲೆ." ಹೇಳುತ್ತ ನಿನ್ನ ಕಣ್ಣು ತುಂಬಿತ್ತಂತೆ. ಮನೆಗೆ ಬಂದವರಿಗೆಲ್ಲ ಆಯಿ ಇದನ್ನು ಹೇಳುತ್ತಾಳೆ. ಹೇಳಿ ನನ್ನ ಬೆನ್ನು ಸವರುತ್ತಾಳೆ.

ಅಪ್ಪಯ್ಯಾ, ಅದು ಡಾಕ್ಟರ ಮಾತಾಗಿರಲಿಲ್ಲ. ನನ್ನ ಮಾತಾಗಿತ್ತು. ನಾಳೆ ಯಲ್ಲಾಪುರಕ್ಕೆ ಹೋಗುತ್ತಿದ್ದೇನೆ. ಆಯಿ ಮತ್ತೆ ಅದನ್ನೇ ತೆಗೆಯುತ್ತಾಳೆ. ಈ ಸಲ ಅರ್ಧಕ್ಕೇ ತಡೆದು ನಿಜ ಹೇಳುತ್ತೇನೆ. ನಿನ್ನನ್ನು ನೆನೆದು ಹಿಗ್ಗಲು ಅವಳಿಗೆ ಉಳಿದಿರುವುದು ಅದೊಂದೇ ಮಾತು ಎಂದು ನನಗೆ ಗೊತ್ತು. ಆದರೂ ಹೇಳುತ್ತೇನೆ.

ನಿನ್ನ ಕೂಸು