ಸಹಿ ಬೀಳದ ದೂರು

ಮನೆಯಾಕೆಗೆ ಅರಿಕೆ ಮಾಡುವುದೇನೆಂದರೆ:
1. ಬರೆಯುವವನು: ನಿನ್ನ ಯಜಮಾನ, ನಿವೃತ್ತ ಅರ್ಜಿ ಬರಹಗಾರ.
2. ಸ್ಥಳ: ಮಗಳು ಪ್ರವಾಸಿಗರನ್ನು ಹತ್ತಿಸಿಕೊಳ್ಳುವ ದೋಣಿಕಟ್ಟೆ.
3. ಆರೋಗ್ಯ: ಮಂಡಿನೋವು ಇಳಿದಿದೆ, ನಿದ್ರೆಯಿಲ್ಲ.

ಕಡಲಿಗೂ ದಡಕ್ಕೂ ನಡುವೆ ಅಡ್ಡಲಾಗಿ ಮಲಗಿರುವ ಮರಳಿನ ದ್ವೀಪಕ್ಕೆ ನಿನ್ನೆ ಅವಳು ನಡೆಸುವ ದೋಣಿಯಲ್ಲಿ ಹೋದೆನು. ಹಕ್ಕಿಗಳು ಬರಿಯ ಮರಳಿನ ಮೇಲೆ, ಮರಳಿನದೇ ಬಣ್ಣದ ಮೊಟ್ಟೆಗಳನ್ನು ಇಟ್ಟಿದ್ದವು. ಆದಕಾರಣ ಮಗಳು ಯಾರನ್ನೂ ಇಳಿಯಗೊಡಲಿಲ್ಲ. ಪ್ರವಾಸಿಗರು ರೇಗಿದರು. ನಾನು ಅವಳ ತಂದೆಯೆಂದು ತಿಳಿಯದೆ, ಜೇಬಿನ ಪೆನ್ನು ಕಂಡು, "ಯಜಮಾನ್ರೇ, ಇವಳ ಮೇಲೆ ದೋಣಿ ಮಾಲೀಕರಿಗೆ ಒಂದು ದೂರು ಬರ್ಕೊಡಿ" ಎಂದರು. ನಲವತ್ತು ವರ್ಷ ಯಾರಿಗೂ ಇಲ್ಲವೆಂದವನಲ್ಲ, ಬರೆದೆನು. ಸಹಿಗೆ ಮುನ್ನ ಓದಿ ಹೇಳುವುದು ನನ್ನ ಕ್ರಮ. "ಮೊಟ್ಟೆಗಳನ್ನು ತುಳಿಯಲು ನಮಗೆ ಅವಕಾಶ ಕೊಡದ ಕಾರಣ" ಎಂಬಲ್ಲಿಗೆ ಬರುವಷ್ಟರಲ್ಲಿ ಎಲ್ಲರೂ ನೀರು ನೋಡತೊಡಗಿದರು. ಒಬ್ಬರೂ ಸಹಿ ಹಾಕಲಿಲ್ಲ.

"ಹಾಕಿದ್ರೆ ಏನಪ್ಪಾ ಮಾಡ್ತಿದ್ದೆ?" ಎಂದಳು ಮಗಳು.

"ಮಾಲೀಕರಿಗೆ ತಲುಪಿಸುತ್ತಿದ್ದೆ" ಎಂದೆನು.

ಆಗಿನಿಂದ ಮಾತು ಬಿಟ್ಟಿದ್ದಾಳೆ. ನಾನು ಕಟ್ಟೆಯ ಮೇಲೆ ಅತ್ತಿಂದಿತ್ತ ತಿರುಗುತ್ತಲೇ ಇದ್ದೇನೆ. ಖಂಡಿತ ತಲುಪಿಸುತ್ತಿರಲಿಲ್ಲವೆಂದು ನೀನೇ ಅವಳಿಗೆ ಫೋನಿನಲ್ಲಿ ತಿಳಿಸತಕ್ಕದ್ದು. ನನ್ನ ಬಾಯಿಂದ ಅದು ಹೊರಡುತ್ತಿಲ್ಲ.

ಸಹಿ/-
ಅವಳ ಅಪ್ಪ

ಲಗತ್ತು: ಸದರಿ ದೂರು, ಮಡಿಸಿ ಪಿನ್ ಮಾಡಿದೆ.