ಅವ್ವ ಕಣ್ಣಿಗೊತ್ತಿಕೊಂಡ ಪುಸ್ತಿಕೆ

ವಡಾಲ, ಮುಂಬಯಿ
೮ ಆಗಸ್ಟ್ ೨೦೨೪

ಪ್ರೀತಿಯ ಸೇವಂತಕ್ಕಾ,

ನಿನ್ನ ಬೆನ್ನುನೋವು ಹೇಗಿದೆ? ಕೂಸಿಗೆ ಹಲ್ಲು ಬಂತೇ? ಮಾವ ಆರಾಮವಾಗಿರಬಹುದು. ಫೋನಿರುವಾಗ ಕಾಗದವೇಕೆ ಎನ್ನಬೇಡ. ನಮ್ಮ ಈ ಒಂದೇ ಕೋಣೆಯ ಖೋಲಿಯಲ್ಲಿ ಪಿಸುಗುಟ್ಟಿದರೂ ಅವ್ವನಿಗೆ ಕೇಳುತ್ತದೆ.

ನಿನ್ನೆ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ದಿದ್ದೆ. ಎದೆಯಲ್ಲಿದ್ದ ಗಂಟು ಈಗ ಕಂಕುಳಿಗೂ ಹಬ್ಬಿದೆ. ಆರು ಕಿಮೋದಲ್ಲಿ ಎರಡೇ ಆಗಿ, ನಾಲ್ಕು ತಿಂಗಳು ನಿಂತುಹೋಯಿತಲ್ಲ, ಅದಕ್ಕೇ ಎಂದರು ಡಾಕ್ಟರ್. ಸೋಮವಾರದಿಂದ ಬೇರೆ ಔಷಧಿ. ಗುಣವಾಗುತ್ತದೆಯೇ ಎಂದು ಕೇಳಿದೆ. ಡಾಕ್ಟರ್ ಫೈಲು ಮುಚ್ಚಿ, ಮೊದಲು ಶುರುಮಾಡೋಣ ಎಂದರು. ನನಗೆ ಅಳು ಬರಲಿಲ್ಲ. ಲೋಕಲ್ ರೈಲಿನಲ್ಲಿ ಎದುರು ಕೂತವನ ಚಪ್ಪಲಿಯ ಹೊಲಿಗೆ ನೋಡುತ್ತಾ ಬಂದೆ. ವಡಾಲ ಬಂದದ್ದೂ ತಿಳಿಯಲಿಲ್ಲ, ಅವ್ವನೇ ಭುಜ ತಟ್ಟಿ ಇಳಿಸಿದಳು. ಎರಡು ತುತ್ತು ಜೋಳದ ನುಚ್ಚು ಉಣ್ಣುತ್ತಾಳೆ. ಕೂದಲು ಮತ್ತೆ ಮೊಳೆತಿದೆ. "ಮೊನ್ನಿ ಹುಟ್ಟಿದ ಕೂಸಿನ್ಹಂಗ ಆಗೀನಿ" ಎಂದು ತಲೆ ಸವರಿಕೊಂಡು ನಗುತ್ತಾಳೆ. ರಾತ್ರಿ ನೀನು ಫೋನಿನಲ್ಲಿ "ಸೂಜಿಗಿ ಅಂಜಿ ನಮ್ಮನ್ನ ತಬ್ಬಲಿ ಮಾಡ್ತೀಯೇನ?" ಎಂದು ಅವಳನ್ನು ಬೈದೆಯಲ್ಲ, ಎಲ್ಲ ಕೇಳಿಸಿಕೊಂಡು, ನನ್ನತ್ತ ನೋಡದೆ ಗೋಡೆಯ ಕಡೆ ಹೊರಳಿದಳು.

ಮಾವನಿಗೆ ನಮಸ್ಕಾರ. ಕೂಸಿಗೆ ನನ್ನದೊಂದು ಮುತ್ತು ಕೊಡು.

ನಿನ್ನ ತಮ್ಮ,
ಶರಣು

ತಾ.ಕ.: ಅವ್ವ ಸೂಜಿಗೆ ಅಂಜಿದವಳಲ್ಲ. ಕಿಮೋ ಬಿಡಿಸಿದವನು ನಾನು. ಸಭೆಯೊಂದರಲ್ಲಿ ಹಂಚಿದ ಕನ್ನಡ ಪುಸ್ತಿಕೆಯನ್ನು ಅವಳಿಗೆ ದಿನಾ ಸಂಜೆ ಓದಿ ಹೇಳಿದೆ. ಕಿಮೋ ಎಂದರೆ ಕಂಪನಿಗಳು ಮಾರುವ ವಿಷ, ಗೋಧಿಹುಲ್ಲಿನ ರಸವೇ ಸಾಕು ಎಂದಿತ್ತು. ರೋಗವನ್ನು ವ್ಯಾಪಾರ ಮಾಡುವವರ ಮೇಲೆ ನನಗೀಗಲೂ ಸಿಟ್ಟಿದೆ. ಆ ಸಿಟ್ಟಿಗೆ ಗಂಟು ಕರಗಲಿಲ್ಲ. ಆಸ್ಪತ್ರೆಯ ಕಾಗದಗಳೆಲ್ಲ ಇಂಗ್ಲಿಷು, ಮರಾಠಿ; ಅವಳ ಭಾಷೆಯಲ್ಲಿ ಮನೆಗೆ ಬಂದದ್ದು ಅದೊಂದೇ. ಓದು ಬಾರದವಳು ಅದನ್ನು ಕಣ್ಣಿಗೊತ್ತಿಕೊಂಡು ವಿಭೂತಿಗಟ್ಟಿಯ ಪಕ್ಕ ಇಟ್ಟಳು. "ನೀ ಓದೀದಿ ಅಂದ್ರ ಖರೇನೇ ಇರತದ" ಎಂದಳು. ನಿನ್ನೆ ಡಾಕ್ಟರ್, ಯಾರು ನಿಲ್ಲಿಸಿದ್ದು ಎಂದು ಕೇಳಿದಾಗ, ನನಗಿಂತ ಮೊದಲೇ "ಮೈಇಚ್ ಛೋಡೀ ಸಾಬ್, ಸೂಯೀ ಕಾ ಡರ್" ಎಂದು, ಸೂಜಿಗಂಜಿ ತಾನೇ ಬಿಟ್ಟೆನೆಂದು ತನ್ನ ಹರಕು ಹಿಂದಿಯಲ್ಲಿ ಹೇಳಿಬಿಟ್ಟಳು. ನಾನು ಬಾಯಿ ತೆರೆಯಲಿಲ್ಲ. ಮನೆಗೆ ಬಂದು ಪುಸ್ತಿಕೆ ಹರಿಯಲು ಹೋದರೆ ಕೈ ಹಿಡಿದಳು: "ಇರಲಿ ಬಿಡೋ, ಅಕ್ಷರ ಅದಾವ." ಅಕ್ಕಾ, ಈ ಕಾಗದ ಮುಟ್ಟಿದ ದಿನವೇ ಫೋನು ಮಾಡಿ ನನ್ನನ್ನು ಬೈ. ಅವಳಿಗೆ ಕೇಳುವಷ್ಟು ಜೋರಾಗಿ ಬೈ.