ಪಿಯಾನೋದ ಮೇಲೆ ಭಂಡಾರ

ಕುಲಗೋಡ
೯ ಡಿಸೆಂಬರ್ ೨೦೨೪, ಸೋಮವಾರ

ಮುದ್ದಿನ ಮೊಮ್ಮಗಳು ಅರ್ಚನಾಳಿಗೆ ಮುತ್ಯಾ ಮಾಲಿಂಗಪ್ಪನ ಆಶೀರ್ವಾದಗಳು.

ಆರಾಮ ಇದ್ದೀಯಾ? ಹುಕ್ಕೇರಿಯಲ್ಲಿ ಚಳಿ ಹೇಗಿದೆ? ನಿನ್ನ ಸೋದರತ್ತೆ ಸತ್ತೆವ್ವ ಹೊತ್ತಿಗೆ ಸರಿಯಾಗಿ ಊಟಕ್ಕೆ ಹಾಕುತ್ತಾಳೋ, ಇಲ್ಲ ಧಾರಾವಾಹಿ ನೋಡುತ್ತ ಕೂಡುತ್ತಾಳೋ? ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಆಯಿ, ಅಂದರೆ ನನ್ನ ಮುದುಕಿ, ಆಕೆಯ ಮಂಡಿನೋವು ಹಾಗೇ ಇದೆ. ಕೆಂದ ಕುರಿ ಈದಿದೆ, ಮರಿ ಚುರುಕಾಗಿದೆ. ಕ್ಷೇಮ ಅಂತ ಬರೆದೆನೇ ಹೊರತು ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಈ ಕಾಗದವನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗಿ ಗೋಕಾಕದ ಬಸ್ಸು ನೋಡಿ ಬಂದೆ. ನೀನು ಇಳಿಯಲಿಲ್ಲ. ಪರೀಕ್ಷೆಯ ದಿನದಿಂದ ಊರಿಗೆ ಬಂದಿಲ್ಲ, ಫೋನ್ ಎತ್ತುತ್ತಿಲ್ಲ. ಪಿಯಾನೋವನ್ನೂ ಮುಟ್ಟುತ್ತಿಲ್ಲ ಅಂತ ಸತ್ತೆವ್ವ ಹೇಳಿದಳು. ಫೋನ್ ಎತ್ತದವಳಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ?

ಆ ದಿನದ ಮಾತಿಗೇ ಬರುತ್ತೇನೆ. ಗೋಕಾಕದಲ್ಲಿ ಮೊಮ್ಮಗಳ ಪಿಯಾನೋ ಪರೀಕ್ಷೆ ಅಂದರೆ ಮನೆಯಲ್ಲಿ ಕೂತಿರಲು ನಾವೇನು ಕಲ್ಲೇ? ನಿನ್ನ ಅಪ್ಪ ಟಂಟಂ ಗಾಡಿ ತೆಗೆದ, ಎಲ್ಲರೂ ಏರಿದೆವು. ಸಭಾಂಗಣದ ಬಾಜೂ ಕೋಣೆಯಿಂದ ನಿನ್ನ ಪಿಯಾನೋ ಕೇಳಿಸಿತು. ಬೆರಳು ಮೇಲಕ್ಕೆ ಹತ್ತಿದವು, ಕೆಳಕ್ಕೆ ಇಳಿದವು, ಮತ್ತೆ ಹತ್ತಿದವು. ಎಲ್ಲೂ ತಪ್ಪಿಲ್ಲ. ಸಪ್ಪಳ ನಿಂತದ್ದೇ ತಡ, ನಿನ್ನ ಆಯಿ ಫಕೀರವ್ವ, "ಮುಗೀತು, ನಮ್ಮ ಕೂಸು ಗೆದ್ದಂಗ. ಇನ್ನೇನ್ ನೋಡ್ಕೋತ ನಿಂತೀರಿ, ನಡೀರಿ ಒಳಗ" ಅಂದಳು. ನಮ್ಮ ಮಂದಿಗೆ ಸಂತೋಷವಾದರೆ ಕೈ ಭಂಡಾರದ ಚೀಲಕ್ಕೇ ಹೋಗುತ್ತದೆ. ಕೋಣೆಯೊಳಗೆ ನುಗ್ಗಿ ದೇವರ ಹೆಸರು ಹೇಳಿ ಹಿಡಿ ಹಿಡಿ ಅರಿಶಿನ ಹಾರಿಸಿದೆವು. ನಿನ್ನ ತಲೆ, ಬಿಳಿ ಅಂಗಿ, ಪಿಯಾನೋದ ಪಟ್ಟಿಗಳು, ಎಲ್ಲ ಹಳದಿ. ಪರೀಕ್ಷೆ ಇನ್ನೂ ಶುರುವೇ ಆಗಿಲ್ಲ, ನೀನು ಬರೀ ಬೆರಳು ಬಿಸಿ ಮಾಡಿಕೊಳ್ಳುತ್ತಿದ್ದೆ ಅಂತ ನಿನ್ನ ಟೀಚರ್ ನಂದಿನಿ ಮೇಡಂ ಹೇಳಿದ ಮೇಲೆಯೇ ನಮಗೆ ತಿಳಿದದ್ದು. ಅಷ್ಟರಲ್ಲಿ ನಿನ್ನ ಹೆಸರು ಕೂಗಿದರು. ನೀನು ತಣ್ಣೀರಲ್ಲಿ ಕೈ ತೊಳೆದು, ತಣ್ಣಗಾದ ಬೆರಳಲ್ಲೇ ಹೋಗಿ ಪರೀಕ್ಷೆಗೆ ಕೂತೆ. ಮುಂದಿನದನ್ನು ಬರೆಯಲಾರೆ, ನಾನು ಬಾಗಿಲಲ್ಲೇ ನಿಂತಿದ್ದೆ.

ಫಕೀರವ್ವನನ್ನು ಬೈಯಬೇಡ, ಬೈಯುವುದಾದರೆ ನನ್ನನ್ನು ಬೈ. ಆಕೆಗೆ ತಿಳಿಯಲಿಲ್ಲ, ಸರಿ. ನಾನು ಮೀಸೆ ಮೂಡುವ ಮೊದಲೇ ಡೊಳ್ಳು ಹೊತ್ತವನು. ಬಾರಿಸುವ ಮುಂಚೆ ಅದನ್ನು ಬೆಂಕಿಗೆ ಹಿಡಿದು ಚರ್ಮ ಕಾಯಿಸುತ್ತೇವೆ, ಬಿಗಿಯಾಯಿತೋ ಇಲ್ಲವೋ ಅಂತ ತಟ್ಟಿ ತಟ್ಟಿ ನೋಡುತ್ತೇವೆ. ಆ ಸಪ್ಪಳಕ್ಕೆ ಯಾರಾದರೂ ಭಂಡಾರ ಹಾರಿಸಿದ್ದರೆ "ಏ ಹುಚ್ಚಪ್ಪ, ಇನ್ನೂ ಕಾಯಾಕತ್ತೈತಿ" ಅಂತ ನಾನೇ ಗದರಿಸುತ್ತಿದ್ದೆ. ಅಂಥವನ ಬುದ್ಧಿ ಅವತ್ತು ಎಲ್ಲಿ ಮೇಯಲು ಹೋಗಿತ್ತೋ. ಆದರೆ ನಿನಗೂ ಒಂದು ಮಾತು. ಒಂದು ಪರೀಕ್ಷೆ ಕೆಟ್ಟಿತು ಅಂತ ಪಿಯಾನೋ ಬಿಟ್ಟೇಬಿಡುವುದೇ? ನನಗೆ ಇದು ಸರಿಬರುವುದಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಸಿಟ್ಟು ನಿನ್ನ ಮೇಲಲ್ಲ ಅಂತಲೂ ಹೇಳಲಾರೆ.

ಮಾರ್ಚ್‌ನಲ್ಲಿ ಮತ್ತೆ ಪರೀಕ್ಷೆ ಇದೆಯಂತೆ. ನಂದಿನಿ ಮೇಡಂ ನಿನ್ನ ಹೆಸರು ಕೊಡಲು ಕಾಯುತ್ತಿದ್ದಾರೆ, ನೀನು ಹೂಂ ಅನ್ನಬೇಕು ಅಷ್ಟೆ. ಸತ್ತೆವ್ವನನ್ನು ಕೇಳಿದೆನೆಂದು ಹೇಳು. ಹೊಟ್ಟೆ ತುಂಬ ಉಣ್ಣು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ, ಬೆರಳನ್ನು ಮಾತ್ರ ಬೆಚ್ಚಗಿಟ್ಟಿರಲಿ.

ನಿನ್ನ ಮುತ್ಯಾ
ಮಾಲಿಂಗಪ್ಪ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಅವತ್ತು ಪರೀಕ್ಷೆಯ ಸಾಹೇಬರು ನಮ್ಮ ಕಡೆ ಕೈ ತೋರಿಸಿ ಯಾರಿವರು ಅಂತ ಕೇಳಿದಾಗ ನೀನು "ನಮ್ಮೂರವ್ರು ರಿ" ಅಂದೆ. ನನಗೆ ಕೇಳಿಸಿತು. ಫಕೀರವ್ವನಿಗೆ ಕೇಳಿಸಿಲ್ಲ, ನಾನೂ ಹೇಳಿಲ್ಲ, ಸಾಯುವವರೆಗೂ ಹೇಳುವುದಿಲ್ಲ. ನೀನು ಬಾರದೆ ಇರುವುದು ಪರೀಕ್ಷೆಗಲ್ಲ, ಆ ಮಾತಿಗೆ ಅಂತ ನನಗೆ ಗೊತ್ತು. ಮಾರ್ಚ್‌ನಲ್ಲಿ ನಾವು ಯಾರೂ ಅಲ್ಲಿಗೆ ಬರುವುದಿಲ್ಲ. ನೀನು ಮಾತ್ರ ಇಲ್ಲಿಗೆ ಬಾ. ಊರವರ ಮನೆ ಅಂತಲಾದರೂ ಬಾ.